ಹಳೇ ಪೋಲೋಗೆ ಹೊಸ ಮಾಡೆಲ್ ಸ್ಟೀರಿಂಗ್, ಏರ್‌ಬ್ಯಾಗ್ ಹಾಕಿಸಿದೆ. ಈಗ ಎಡಕ್ಕೆ ತಿರುಗಿಸಿದ್ರೆ ಹಾರ್ನ್ ಹೊಡೀತಿಲ್ಲ

ವಿಜಯನಗರ_ಪೋಲೋ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನದು 2012ರ ಫೋಕ್ಸ್‌ವ್ಯಾಗನ್ ಪೋಲೋ ಕಾರು, ಪೆಟ್ರೋಲು, 1,18,000 ಕಿಲೋಮೀಟರ್ ಓಡಿದೆ. ಮುಂದಿನ ಎರಡೂ ಏರ್‌ಬ್ಯಾಗ್ ಕಂಪನಿಯಿಂದಲೇ ಬಂದಿದ್ದು. ದಿನಾ ವಿಜಯನಗರದಿಂದ ಬಿಡದಿಗೆ ಹೋಗಿ ಬರ್ತೀನಿ. ಗಾಡಿ ಇವತ್ತಿಗೂ ಬೆಣ್ಣೆ ಥರ ಇದೆ. ಕೆಟ್ಟಿದ್ದು ಸ್ಟೀರಿಂಗ್ ಮೇಲಿನ ಚರ್ಮ ಮಾತ್ರ. ಅದೂ ಗಾಡಿ ತಪ್ಪಲ್ಲ, ಕೊರೊನಾ ಕಾಲದಲ್ಲಿ ನಾನೇ ದಿನಕ್ಕೆ ನಾಲ್ಕು ಸಲ ಸ್ಯಾನಿಟೈಜರ್ ಸುರಿದು ಉಜ್ಜಿದ್ದು. ಆಮೇಲೆ ಶುರುವಾಯ್ತು ನೋಡಿ, ಸಿಪ್ಪೆ ಏಳೋಕೆ. ಬೇಸಿಗೆಯಲ್ಲಿ ಅಂಗೈ ತುಂಬಾ ಕಪ್ಪು ಮಸಿ. ಷಡ್ಡಕನ ಮಗನ ಮದುವೆಗೆ ಬಿಳಿ ಪಂಚೆ ಉಟ್ಕೊಂಡು ಹೋಗಿ, ಇಳಿಯುವಾಗ ತೊಡೆ ಮೇಲೆ ಐದು ಬೆರಳು ಅಚ್ಚು ಬಿದ್ದಿತ್ತು.

2014ರ ಫೇಸ್‌ಲಿಫ್ಟ್‌ನಲ್ಲಿ ಬಂತಲ್ಲ, ತಳ ಚಪ್ಪಟೆ ಇರೋ ಸ್ಟೀರಿಂಗು, ಅದರ ಮೇಲೆ ನನಗೆ ಅವತ್ತಿಂದ ಕಣ್ಣು. ಗುಜರಿ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ತು. ಚಕ್ರ, ಅದರದೇ ಏರ್‌ಬ್ಯಾಗು, ಫಿಟ್ಟಿಂಗು ಎಲ್ಲಾ ಸೇರಿ 16,000 ಅಂದ್ರು, 14,500ಕ್ಕೆ ಒಪ್ಪಿಸಿದೆ. ಹಳೇದನ್ನ ಬಿಟ್ಟು ಹೋದ್ರೆ ಇನ್ನೂ ಮೂರು ಸಾವಿರ ಕಮ್ಮಿ ಮಾಡ್ತೀನಿ ಅಂದ್ರು. ನಮ್ಮಪ್ಪ ಮನೇಲಿ ಒಂದು ಮೊಳೆ ಬಿಸಾಕೋಕೂ ಬಿಡಲ್ಲ, ಅದಕ್ಕೆ ಮನೆಗೆ ತಂದೆ. ನಲವತ್ತು ನಿಮಿಷದಲ್ಲಿ ಕೆಲಸ ಮುಗೀತು. ಏರ್‌ಬ್ಯಾಗ್ ದೀಪ ಹತ್ತಲಿಲ್ಲ. ನೋಡೋಕೆ ಗಾಡಿಗೆ ಐದು ವರ್ಷ ವಯಸ್ಸು ಇಳಿದಂಗಾಯ್ತು.

ಮೂರು ವಾರ ಆಯ್ತು. ಈಗಿರೋ ತೊಂದರೆ:

ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಹಾರ್ನ್ ಬರಲ್ಲ. ನೆಟ್ಟಗಿದ್ದಾಗ, ಬಲಕ್ಕೆ ತಿರುಗಿಸಿದಾಗ ಬರುತ್ತೆ. ನಮ್ಮ ಬೇಸ್‌ಮೆಂಟ್ ಪಾರ್ಕಿಂಗ್‌ನ ತಿರುವಲ್ಲಿ ಹಾರ್ನ್ ಒತ್ತೋದೇ ಎಡಕ್ಕೆ ತಿರುಗಿಸ್ಕೊಂಡು, ಅಲ್ಲೇ ಮೂಕ. ಸ್ಟೀರಿಂಗ್ ಮೇಲಿನ ಆಡಿಯೋ ಬಟನ್‌ಗಳು ಮೊದಲ ದಿನದಿಂದಲೇ ಸತ್ತಿವೆ, "ಕೋಡಿಂಗ್ ಮಾಡಿಸ್ಬೇಕು ಸಾರ್" ಅಂದಿದ್ರು. ಅಂದ್ರೆ ಬಟನ್ ಇದೆ ಅಂತ ಗಾಡಿಯ ಕಂಪ್ಯೂಟರ್‌ಗೆ ತಿಳಿಸೋದು. ಎಲ್ಲಿ, ಯಾರ ಹತ್ರ ಮಾಡಿಸೋದು?

ಇನ್ನೊಂದು ನನ್ನ ಹೆಂಡತಿ ಕೇಳಿದ್ದು. ಈ ಏರ್‌ಬ್ಯಾಗ್ ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ. ದೀಪ ಹತ್ತಿಲ್ವಲ್ಲೇ, ಅಂದ್ರೆ ಸರಿ ಇದೆ ಅಂದೆ. "ದೀಪ ಹತ್ತಿಲ್ಲ ಅಂದ್ರೆ ದೀಪ ಹತ್ತಿಲ್ಲ ಅಂತ. ಒಳಗೆ ಬ್ಯಾಗ್ ಇದೆ ಅಂತ ಯಾರು ಹೇಳಿದ್ರು?" ಅಂದ್ಲು. ಅವತ್ತಿಂದ ತಲೇಲಿ ಅದೇ ಕೊರೀತಿದೆ.

ರೇಸರ್_ರಾಜಾಜಿನಗರ:

ಬ್ರೋ ಟೆನ್ಷನ್ ತಗೋಬೇಡಿ, ನಾನೂ ನನ್ನ ಗಾಡಿಗೆ ಹಾಕಿಸಿ ಒಂದೂವರೆ ವರ್ಷ ಆಯ್ತು, ಏನೂ ಆಗಿಲ್ಲ. ಹಾರ್ನ್‌ಗೆ ಡ್ಯಾಶ್ ಕೆಳಗೆ ಬೇರೆ ಬಟನ್ ಹಾಕಿಸ್ಕೊಳ್ಳಿ, ಇನ್ನೂರು ರೂಪಾಯಿ ಕೆಲಸ. ಲುಕ್ ಮಾತ್ರ ಬೆಂಕಿ. ಫೋಟೋ ಹಾಕಿ.

ಹುಬ್ಬಳ್ಳಿ_ವೈರಿಂಗ್:

ನಮಸ್ಕಾರ್ರೀ. ನಾ ಹುಬ್ಬಳ್ಯಾಗ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಾಕತ್ತು ಇಪ್ಪತ್ತೆರಡು ವರ್ಷ ಆತು. ನೀವು ಕೇಳಿದ್ದು ಮೂರು ಪ್ರಶ್ನೆ. ಅದರಾಗ ಖರೇ ಪ್ರಶ್ನೆ ನಿಮ್ಮ ಮನಿಯವರದು ಒಂದ. ಅದನ್ನ ಕಡೀಕ ಹೇಳ್ತೀನಿ, ಮೊದಲ ಹಾರ್ನ್ ನೋಡೂಣು.

ಸ್ಟೀರಿಂಗ್ ಚಕ್ರದ ಹಿಂದ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ದುಂಡನ್ನ ಪ್ಲಾಸ್ಟಿಕ್ ಡಬ್ಬಿ ಇರ್ತೈತಿ. ಒಳಗ ಹಳೇ ಕ್ಯಾಸೆಟ್ಟಿನ ಟೇಪ್ ಇದ್ದಂಗ ಚಪ್ಪಟ ರಿಬ್ಬನ್ ವೈರ್ ಸುತ್ತಿಟ್ಟಿರ್ತಾರ. ನೀವು ಚಕ್ರ ತಿರುವಿದ್ರ ಒಂದ ಕಡೆ ಬಿಗೀತೈತಿ, ಇನ್ನೊಂದ ಕಡೆ ಸಡಲ ಆಗ್ತೈತಿ. ತಿರುಗೂ ಚಕ್ರಕ್ಕ ಕರೆಂಟ್ ಮುಟ್ಟಿಸಬೇಕಲ್ಲ, ಅದಕ್ಕ ಮಾಡಿದ ಉಪಾಯ ಅದು. ಹಾರ್ನಿನ ತಂತಿ, ಬಟನ್ನಿನ ತಂತಿ, ಏರ್‌ಬ್ಯಾಗಿನ ತಂತಿ, ಎಲ್ಲಾ ಆ ರಿಬ್ಬನ್ನಿನ್ಯಾಗ ಒಂದರ ಮಗ್ಗಲ ಒಂದು ಹೊಂಟಿರ್ತಾವು.

ಅದಕ್ಕ ಒಂದು ನಡು ಅಂತ ಇರ್ತೈತಿ. ಮುಂದಿನ ಗಾಲಿ ನೆಟ್ಟಗ ಇದ್ದಾಗ ರಿಬ್ಬನ್ನೂ ನಟ್ಟನಡುವ ಇರಬೇಕು, ಅಂದ್ರ ಎಡಕ್ಕ ಎಷ್ಟು ಸುತ್ತು ಉಳದಾವೋ ಬಲಕ್ಕೂ ಅಷ್ಟ ಉಳದಿರಬೇಕು. ಚಕ್ರ ಬಿಚ್ಚಿದಾಗ ಯಾರರ ಆ ಡಬ್ಬಿಗೆ ಕೈ ತಾಗಿಸಿ ಒಂದು ಸುತ್ತು ತಿರುವಿಬಿಟ್ರು ಅಂದ್ರ ಕಥಿ ಮುಗೀತು. ಫಿಟ್ ಮಾಡಿದ ದಿನ ಏನೂ ಗೊತ್ತಾಗೂದಿಲ್ಲ. ಪೂರಾ ಎಡಕ್ಕ ಹೊಳ್ಳಿಸಿದಾಗೊಮ್ಮೆ ರಿಬ್ಬನ್ ಎಳದು ಎಳದು, ಹದಿನೈದ ದಿವಸಕ್ಕೋ ತಿಂಗಳಕ್ಕೋ ಒಳಗ ಒಂದು ಎಳಿ ಹರೀತೈತಿ. ನಿಮ್ಮದು ಹಂಗ ಆಗೈತಿ. ಇವತ್ತು ಹಾರ್ನಿನ ಎಳಿ. ನಾಳೆ ಅದರ ಮಗ್ಗಲದ್ದು. ಡ್ಯಾಶ್ ಕೆಳಗ ಬ್ಯಾರೆ ಬಟನ್ ಹಾಕಿಸ್ರಿ ಅನ್ನೂದು ಮನಿ ಸೋರಾಕತ್ರ ಛತ್ರಿ ಹಿಡಕೊಂಡು ಕುಂದ್ರು ಅಂದಂಗ.

ಬಟನ್ ವಿಷಯ. 2012ರ ನಿಮ್ಮ ಗಾಡ್ಯಾಗ ಸ್ಟೀರಿಂಗ್ ಬಟನ್ ಇರಲಿಲ್ಲ ಅಂದ್ರ, ಸ್ಟೀರಿಂಗ್ ಕಂಬದಾಗಿನ ಎಲೆಕ್ಟ್ರಾನಿಕ್ ಡಬ್ಬಿ, ಅಂದ್ರ ಮಾಡ್ಯೂಲ್, ಬಟನ್ ಓದೂ ಜಾತೀದು ಅಲ್ಲ. ಹೊಸ ಚಕ್ರದ ಬಟನ್ನು ಲಿನ್ ಅನ್ನೂ ಒಂದ ತಂತಿ ಮ್ಯಾಲೆ ಮಾಡ್ಯೂಲಿನ ಜೋಡಿ ಮಾತಾಡ್ತಾವು. ಕೇಳವನ ಕಿವುಡ ಇದ್ರ ಕೋಡಿಂಗ್ ಮಾಡಿ ಏನ್ ಮಾಡ್ತೀರಿ? ಮಾಡ್ಯೂಲ್ ಬದಲಿಸಬೇಕು, ಕ್ಲಾಕ್ ಸ್ಪ್ರಿಂಗ್ ಹೆಚ್ಚು ತಂತೀದು ಬೇಕು, ಆಮ್ಯಾಲೆ ಕೋಡಿಂಗು.

ಈಗ ನಿಮ್ಮ ಮನಿಯವರ ಪ್ರಶ್ನೆ. ಕೀಲಿ ಹಾಕಿ ಇಗ್ನಿಷನ್ ಆನ್ ಮಾಡ್ರಿ, ಎಂಜಿನ್ ಶುರು ಮಾಡಬ್ಯಾಡ್ರಿ. ಮೀಟರಿನ್ಯಾಗ ಏರ್‌ಬ್ಯಾಗ್ ದೀಪ ಮೂರ್ನಾಲ್ಕು ಸೆಕೆಂಡ್ ಹತ್ತಿ ಆರ್ತೈತೋ, ಇಲ್ಲಾ ಹತ್ತೂದ ಇಲ್ಲೋ? ಅದನ್ನ ನೋಡಿ ಹೇಳ್ರಿ. ಅಲ್ಲೀತನಕ ಆ ಚಕ್ರಕ್ಕ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ್ರಿ. ಮತ್ತ, ಮನಿಗೆ ತಂದ ಹಳೇ ಏರ್‌ಬ್ಯಾಗ್ ಎಲ್ಲಿಟ್ಟೀರಿ?

ವಿಜಯನಗರ_ಪೋಲೋ:

ಈಗಷ್ಟೇ ಬೇಸ್‌ಮೆಂಟ್‌ಗೆ ಇಳಿದು ನೋಡ್ಕೊಂಡು ಬಂದೆ. ದೀಪ ಹತ್ತಿ, ನಾಲ್ಕು ಎಣಿಸೋಷ್ಟರಲ್ಲಿ ಆರಿತು. ಹಾಗಾದ್ರೆ ಸರಿ ಇದೆ ಅಂತ ತಾನೇ?

ಹಳೇ ಏರ್‌ಬ್ಯಾಗು... ನಗಬೇಡಿ. ಶೂ ಡಬ್ಬೀಲಿ ಹಾಕಿ ಅಪ್ಪ ಮಂಚದ ಕೆಳಗೆ ಇಟ್ಟಿದ್ದಾರೆ.

ಹುಬ್ಬಳ್ಳಿ_ವೈರಿಂಗ್:

ನಗೂದಿಲ್ರಿ. ಮೊದಲ ಅಪ್ಪಾಜೀನ ಎಬ್ಬಿಸಿ ಡಬ್ಬಿ ಹೊರಗ ತಗೀರಿ. ಅದು ತಾನಾಗಿ ಸಿಡಿಯೂದಿಲ್ಲ, ಗಾಬರಿ ಬ್ಯಾಡ. ಆದ್ರ ಅದರೊಳಗ ಮದ್ದು ಐತಿ ಅನ್ನೂದು ಮರೀಬ್ಯಾಡ್ರಿ. ಒಣ ಜಾಗಾದಾಗ, ಬಿಸಿಲು ಬೆಂಕಿ ಇಲ್ಲದ ಕಡೆ, ಮಕ್ಕಳ ಕೈಗೆ ಸಿಗದಂಗ, ಲೋಗೋ ಇದ್ದ ಮುಖ ಮ್ಯಾಲ ಮಾಡಿ ಇಡ್ರಿ. ಮುಖ ಕೆಳಗ ಮಾಡಿ ಇಟ್ಟಾಗ ಏನರ ಆತು ಅಂದ್ರ ಇಡೀ ಲೋಹದ ಡಬ್ಬಿ ರಾಕೆಟ್ ಆಗಿ ಮ್ಯಾಲೇಳ್ತೈತಿ. ಮುಖ ಮ್ಯಾಲ ಇದ್ರ ಬ್ಯಾಗ್ ಉಬ್ಬಿ ಸುಮ್ನಾಗ್ತೈತಿ. ಪಿನ್ನಿಗೆ ಮಲ್ಟಿಮೀಟರ್ ಹಚ್ಚಿ "ಸರಿ ಐತೇನು ನೋಡೂಣು" ಅನ್ನೂ ಉಮೇದಿ ಬಂದ್ರ ಕೈ ಕಟ್ಟಿ ಕುಂದ್ರ್ರಿ. ಮೀಟರಿನ ಕರೆಂಟು ಸಣ್ಣದು ಅಂತೀರಿ. ಸಿಡಿಸಾಕ ಎಷ್ಟು ಬೇಕು ಅಂತ ನಿಮಗ ಗೊತ್ತೈತೇನು?

ಈಗ ದೀಪ. ಹತ್ತಿ ಆರಿದ್ದು ಒಂದು ಸಮಾಧಾನ, ಬಲ್ಬಿಗೆ ಟೇಪ್ ಹಚ್ಚಿಲ್ಲ ಅಂತ. ಅಷ್ಟ.

ಏರ್‌ಬ್ಯಾಗ್ ಇಸಿಯು, ಅಂದ್ರ ಬ್ಯಾಗ್ ಯಾವಾಗ ಸಿಡಿಸಬೇಕು ಅಂತ ತೀರ್ಮಾನ ಮಾಡೂ ಸಣ್ಣ ಕಂಪ್ಯೂಟರ್, ಬ್ಯಾಗನ್ನ ಕಣ್ಣಿಲೆ ನೋಡೂದಿಲ್ರಿ. ಒಂದು ಚೂರು ಕರೆಂಟು ಕಳಿಸಿ, ತಿರುಗಿ ಬಂದದ್ದನ್ನ ಅಳೀತೈತಿ. ಬ್ಯಾಗ್ ಹೊತ್ತಿಸೂ ಕಿಡಿಗುಂಡಿಗೆ ಸ್ಕ್ವಿಬ್ ಅಂತಾರ, ಅದರ ರೆಸಿಸ್ಟನ್ಸ್ ಎರಡು ಓಮ್ ಆಜುಬಾಜು ಇರ್ತೈತಿ. ಅಳತಿ ಆ ಲೆಕ್ಕದಾಗ ಬಂತು ಅಂದ್ರ ಇಸಿಯು "ಎಲ್ಲಾ ಛಲೋ" ಅಂತ ದೀಪ ಆರಸ್ತೈತಿ. ಈಗ ಎಲೆಕ್ಟ್ರಾನಿಕ್ ಅಂಗಡ್ಯಾಗ ಎರಡು ರೂಪಾಯಿಗೆ ಸಿಗೂ ಒಂದು ರೆಸಿಸ್ಟರ್ ತಂದು, ಏರ್‌ಬ್ಯಾಗಿಗೆ ಹಚ್ಚೂ ಹಳದಿ ಪ್ಲಗ್ಗಿನ್ಯಾಗ ಸಿಗಿಸಿದ್ರ? ಇಸಿಯು ಆಗಲೂ ಅದನ್ನ ಅನ್ನೂದು. ಸ್ಕ್ಯಾನರ್ ಹಚ್ಚಿದ್ರೂ ಫಾಲ್ಟ್ ಸೊನ್ನೆ. ಶೋರೂಮಿನ್ಯಾವ್ರೂ ಪ್ರಿಂಟ್ ತಗದು ಕೊಟ್ಟು "ಓಕೆ ಸರ್" ಅಂತಾರ.

ಹೋದ ಯುಗಾದಿ ಮುಂಚೆ ನನ್ನ ಹತ್ರ ಒಂದು ಗಾಡಿ ಬಂತು, ನಿಮ್ಮಂಗ ಹಾರ್ನ್ ದೂರು. ಸೆಕೆಂಡ್ ಹ್ಯಾಂಡ್ ತಗೊಂಡವರು, ಸಣ್ಣ ಕೂಸು ಇದ್ದ ಮನಿ. ನಡುವಿನ ಕವರ್ ತಗದೆ. ಒಳಗ ಬನಿಯನ್ ವೇಸ್ಟ್ ತುರಕಿದ್ರು, ನಾವು ಕೈ ಒರಸ್ತೀವಲ್ಲ ಅದ. ಕವರ್ ಒತ್ತಿದ್ರ ಟೊಳ್ಳು ಸಪ್ಪಳ ಬರಬಾರದು ಅಂತ! ಹೆಣ್ಣಮಗಳು ಮಗ್ಗಲದಾಗ ನಿಂತು ನೋಡಾಕತ್ತಿದ್ರು. ನಾ ಏನೂ ಅನ್ನಲಿಲ್ಲ, ಬಟ್ಟಿ ಎಳದು ಅವರ ಕೈಯಾಗ ಇಟ್ಟೆ.

ನೀವಾಗಿ ಬಿಚ್ಚಬ್ಯಾಡ್ರಿ. ನಿಮ್ಮೂರಾಗ ನಂಬಿಗಸ್ತ ಎಲೆಕ್ಟ್ರಿಷಿಯನ್ ಇದ್ರ ಅವರ ಮುಂದ ಕುಂತು ಬಿಚ್ಚಿಸ್ರಿ. ಬಿಚ್ಚಿದ ಮ್ಯಾಲೆ ತೂಕ ನೋಡ್ರಿ, ಖರೇ ಏರ್‌ಬ್ಯಾಗಿನ್ಯಾಗ ಬ್ಯಾಗ್ ಉಬ್ಬಸೂ ಮದ್ದಿನ ಉಕ್ಕಿನ ಡಬ್ಬಿ, ಇನ್‌ಫ್ಲೇಟರ್, ಇರ್ತೈತಿ, ಕೈಗೆ ಭಾರ ಹತ್ತಬೇಕು. ಹಿಂದಿನ ಲೇಬಲ್ ನೋಡ್ರಿ, ಪಾರ್ಟ್ ನಂಬರು, ತಯಾರಾದ ತಾರೀಖು ಇರಬೇಕು. ಹಳದಿ ಪ್ಲಗ್ಗಿನ ಸುತ್ತ ಟೇಪ್ ಕಂಡ್ರ ಅಲ್ಲೇ ನಿಲ್ಲಿಸಿ ಫೋಟೋ ಹೊಡೀರಿ.

ಕುಂದಾಪುರ_ಕಡಲು:

ನಡುವೆ ಬಾಯಿ ಹಾಕುದಕ್ಕೆ ಕ್ಷಮಿಸಿ. ಒಳಗೆ ಇರುವುದು ನಿಜವಾದ ಏರ್‌ಬ್ಯಾಗೇ ಆದ್ರೂ ಇನ್ನೊಂದು ವಿಷಯ ಉಂಟು ಮಾರಾಯ್ರೆ. ಗುಜರಿಯದ್ದಾದ್ರೆ ಅದು ಯಾವ ಕಾರಿಂದ ಬಂದದ್ದು ಅಂತ ನಿಮಗೆ ಗೊತ್ತಿಲ್ಲ. ಏರ್‌ಬ್ಯಾಗ್ ಮಾಡ್ತಿದ್ದ ಜಪಾನಿನ ತಕಾಟಾ ಕಂಪನಿಯ ಕಥೆ ನೆನಪುಂಟಲ್ಲ? ಅವರ ಇನ್‌ಫ್ಲೇಟರಿನಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ಸೆಕೆ, ತೇವ ಸೇರಿ ವರ್ಷಾನುಗಟ್ಟಲೆ ಆದ ಮೇಲೆ ಆ ಮದ್ದು ಹಾಳಾಗಿ, ಉರಿಯಬೇಕಾದ್ದಕ್ಕಿಂತ ಜೋರಾಗಿ ಉರಿದು, ಲೋಹದ ಡಬ್ಬಿಯೇ ಒಡೆದು ಚೂರು ಮುಖಕ್ಕೆ ಬರ್ತಿತ್ತು. ಜಗತ್ತಿನಲ್ಲೇ ಅಷ್ಟು ದೊಡ್ಡ ಕಾರು ರೀಕಾಲ್ (ದೋಷ ಸರಿಮಾಡ್ಲಿಕ್ಕೆ ಕಂಪನಿಯೇ ಕಾರು ವಾಪಸ್ ಕರೆಯುದು) ಬೇರೆ ಆದದ್ದಿಲ್ಲ. 2017ರಲ್ಲಿ ಕಂಪನಿಯೇ ದಿವಾಳಿ ಆಯ್ತು.

ನಮ್ಮ ಕರಾವಳಿಯ ಹವೆಯೇ ಅದು, ಸೆಕೆ ಮತ್ತು ತೇವ. ನಮ್ಮ ಮನೆ ಕಾರಿಗೆ ರೀಕಾಲ್ ಉಂಟಾ ಅಂತ ಚಾಸಿ ನಂಬರ್ ಹಾಕಿ ಕಂಪನಿಯ ಸೈಟಲ್ಲಿ ನೋಡಿದ್ದೆ, ಎರಡು ನಿಮಿಷದ ಕೆಲಸ. ಆದ್ರೆ ಗುಜರಿಯಿಂದ ತಂದ ಬ್ಯಾಗಿಗೆ ಯಾವ ಚಾಸಿ ನಂಬರ್ ಹಾಕುದು? ನಿಮ್ಮ ಕಾರಿನ ನಂಬರ್ ಹಾಕಿದ್ರೆ ನೀವು ಬಿಚ್ಚಿ ಮಂಚದ ಕೆಳಗೆ ಇಟ್ಟ ಬ್ಯಾಗಿನ ಜಾತಕ ಬರ್ತದೆ.

ತಿಪಟೂರು_ತೆಂಗು:

ಇದೇ ವಿಷಯ ಇರೋದ್ರಿಂದ ಇಲ್ಲೇ ಕೇಳ್ತೀನಿ. ನನ್ನದು 2013ರ ಸಣ್ಣ ಕಾರು, ಏರ್‌ಬ್ಯಾಗೇ ಇಲ್ಲದ ಬೇಸ್ ಮಾಡೆಲ್. ಟಾಪ್ ಮಾಡೆಲ್‌ನ ಏರ್‌ಬ್ಯಾಗ್ ಸ್ಟೀರಿಂಗ್ ತಂದು ಕೂರಿಸಿದ್ರೆ ಆಗುತ್ತಾ? ಒಂದಾದ್ರೂ ಇರ್ಲಿ ಅಂತ.

ಹುಬ್ಬಳ್ಳಿ_ವೈರಿಂಗ್:

ಆಗೂದಿಲ್ರಿ. ಏರ್‌ಬ್ಯಾಗ್ ಅಂದ್ರ ಚಕ್ರದಾಗಿನ ಚೀಲ ಒಂದ ಅಲ್ಲ. ಮುಂದಿನ ಸೀಟುಗಳ ನಡುವಿನ ಉಬ್ಬಿನ (ಟನೆಲ್) ಮ್ಯಾಲೆ ಬೋಲ್ಟ್ ಮಾಡಿದ ಇಸಿಯು ಬೇಕು, ಅದಕ್ಕ ಬ್ಯಾರೆ ವೈರಿಂಗ್ ಬೇಕು, ಡಿಕ್ಕಿ ಅರಿಯೂ ಸೆನ್ಸರ್ ಬೇಕು, ಮೀಟರಿನ್ಯಾಗ ದೀಪ ಬೇಕು, ಅದರ ಜೋಡಿ ಬೆಲ್ಟ್ ಎಳದು ಬಿಗಿ ಮಾಡೂ ಪ್ರಿಟೆನ್ಷನರ್ ಬೇಕು. ಇಷ್ಟೆಲ್ಲಾ ಕಂಪನಿಯವರು ಆ ಗಾಡೀನ ಗ್ವಾಡಿಗೆ ಬಡಿಸಿ ಬಡಿಸಿ, ಬ್ಯಾಗ್ ಯಾವಾಗ ಉಬ್ಬಬೇಕು ಅಂತ ಲೆಕ್ಕ ಕೂಡಿಸಿರ್ತಾರ. ಡಿಕ್ಕಿ ಆದ್ರ ಬ್ಯಾಗ್ ಉಬ್ಬಾಕ ಸುಮಾರು 30 ಮಿಲಿಸೆಕೆಂಡು, ನೀವು ಕಣ್ಣ ಮಿಟುಕಸೂದಕ್ಕಿಂತ ಲಗೂ. ನಾ ಗ್ಯಾರೇಜಿನ್ಯಾಗ ಕುಂತು ಅಂಥಾ ಲೆಕ್ಕ ಹ್ಯಾಂಗ ಕೂಡಸಲಿ? ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಏರ್‌ಬ್ಯಾಗ್ ಇಲ್ಲದ ಗಾಡಿ ಇದ್ದವರು ಬೆಲ್ಟ್ ಹಾಕ್ರಿ, ಹಿಂದ ಕುಂತವರಿಗೂ ಹಾಕಸ್ರಿ, ರೊಕ್ಕ ಕೂಡಿದಾಗ ಗಾಡಿ ಬದಲಸ್ರಿ. ಸುಮ್ನ ಏರ್‌ಬ್ಯಾಗ್ ಅಂತ ಬರದಿರೂ ಕವರ್ ತಂದು ಹಾಕಿಸಬ್ಯಾಡ್ರಿ.

ವಿಜಯನಗರದವ್ರ, ನಿಮಗೂ ಒಂದು ಮಾತು. 2014ರ ಜನವರಿಯಾಗ, ಗಾಡಿ ಬಡಿಸಿ ಸುರಕ್ಷತೆಗೆ ಸ್ಟಾರ್ ಕೊಡೂ ಗ್ಲೋಬಲ್ ಎನ್‌ಕ್ಯಾಪ್‌ ಸಂಸ್ಥೆಯವರು ನಮ್ಮ ದೇಶದ ಐದು ಗಾಡಿ ಬಡಿಸಿ ನೋಡಿದ್ರು, 64 ಕಿಲೋಮೀಟರ್ ವೇಗದಾಗ. ಅದರಾಗ ಪೋಲೋನೂ ಇತ್ತು. ಏರ್‌ಬ್ಯಾಗ್ ಇಲ್ಲದ ಪೋಲೋಕ್ಕ ದೊಡ್ಡವರ ಲೆಕ್ಕದಾಗ ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಇದ್ದ ಪೋಲೋಕ್ಕ ನಾಕು. ಆಮ್ಯಾಲೆ ಕಂಪನಿಯವರ ಏರ್‌ಬ್ಯಾಗ್ ಇಲ್ಲದ್ದು ಮಾರೂದು ಬಿಟ್ರು. ಮೂರು ವಾರದಿಂದ ನೀವು ಬಿಡದಿ ರೋಡಿನ್ಯಾಗ ಓಡಸಾಕತ್ತಿದ್ದು ಆ ಎರಡರಾಗ ಯಾವ ಪೋಲೋ ಅಂತ ಲಗೂನ ನೋಡ್ರಿ.

ಕರಿಕೋಟು:

ಕಾನೂನಿನ ಕಡೆಯಿಂದ ಒಂದೇ ಮಾತು. ಮೋಟಾರು ವಾಹನ ಕಾಯ್ದೆ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಸ್ಟೀರಿಂಗ್ ಬದಲಾಯಿಸಿದ್ದಕ್ಕೆ ಪೊಲೀಸ್ ಹಿಡಿಯೋದಕ್ಕಿಂತ, ಅಪಘಾತ ಆದ ಮೇಲೆ ವಿಮಾ ಸರ್ವೇಯರ್ ಬಂದು ಮುಂದಿನ ಸೀಟಲ್ಲಿ ಕೂತಾಗ ಇದು ನೆನಪಾಗುತ್ತೆ.

ವಿಜಯನಗರ_ಪೋಲೋ:

ಬಿಚ್ಚಿಸಿದೆ. ಕೈ ಇನ್ನೂ ಒಂಥರಾ ಆಗ್ತಿದೆ, ನಿಧಾನಕ್ಕೆ ಬರೀತೀನಿ.

ಮೈಸೂರು ರಸ್ತೆ ಕಡೆ ನಮ್ಮ ಆಫೀಸಿನ ಗಾಡಿಗಳನ್ನೆಲ್ಲ ನೋಡೋ ಹಿರಿಯರೊಬ್ಬರು ಎಲೆಕ್ಟ್ರಿಷಿಯನ್ ಇದ್ದಾರೆ. ನಿನ್ನೆ ಬೆಳಿಗ್ಗೆ ಅವರ ಹತ್ರ ಹೋದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ "ಬನ್ನಿ ಟೀ ಕುಡಿಯೋಣ" ಅಂದ್ರು. ನನಗೆ ಅವಸರ. "ಇಸಿಯು ಒಳಗೆ ಕೆಪಾಸಿಟರ್ ಇರುತ್ತೆ, ಬ್ಯಾಟರಿ ಕಿತ್ತೋದ್ರೂ ಬ್ಯಾಗ್ ಸಿಡಿಸೋಷ್ಟು ಕರೆಂಟ್ ಹಿಡ್ಕೊಂಡಿರುತ್ತೆ, ಅದು ಇಳೀಲಿ" ಅಂದ್ರು. ಹದಿನೈದು ನಿಮಿಷ ಆದ ಮೇಲೆ, ಬಾಗಿಲ ಕಬ್ಬಿಣ ಮುಟ್ಟಿ ಮೈಯಲ್ಲಿರೋ ಸ್ಟಾಟಿಕ್ ಇಳಿಸ್ಕೊಂಡು, ಹಿಂದಿನಿಂದ ಕ್ಲಿಪ್ ಒತ್ತಿ ಏರ್‌ಬ್ಯಾಗ್ ಹೊರಗೆ ತೆಗೆದ್ರು.

ಹುಬ್ಬಳ್ಳಿ ಅಣ್ಣಾ, ತೂಕ ಇತ್ತು. ಒಳ್ಳೇ ಭಾರ. ಲೇಬಲ್ಲೂ ಇತ್ತು. ನಾನು ಉಸಿರು ಬಿಟ್ಟೆ, ನನ್ನ ಹೆಂಡತಿಗೆ ಫೋನ್ ಮಾಡೋಕೂ ಹೊರಟಿದ್ದೆ. ಅಷ್ಟರಲ್ಲಿ ಆ ಯಜಮಾನರು ಕವರ್ ಮೇಲೆ ಹೆಬ್ಬೆರಳು ಎಳೆದು "ಇಲ್ಲಿ ಮುಟ್ಟಿ" ಅಂದ್ರು. ಲೋಗೋ ಪಕ್ಕದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ, ಉಗುರಿಗೆ ಸಿಗೋ ಒಂದು ಗೆರೆ. ತಿರುಗಿಸಿ ಒಳಗೆ ಟಾರ್ಚ್ ಬಿಟ್ರು. ಕವರ್ ಹರಿಯಬೇಕಾದ ಜಾಗದಲ್ಲಿ ಆಗಲೇ ಹರಿದು ಹೋಗಿತ್ತು. ಒಳಗಡೆಯಿಂದ ಕರೀ ಅಂಟು ಬಳಿದು ಕೂಡಿಸಿದ್ರು, ಹೊರಗಡೆ ಬಣ್ಣ. ಬ್ಯಾಗ್ ಬಟ್ಟೆ ಒಂದು ಅಂಚು ಈಚೆ ಎಳೆದ್ರೆ, ಗಾಳಿ ಹೋಗೋ ತೂತಿನ ಸುತ್ತ ಕಂದು ಕಲೆ. ಸುಟ್ಟ ವಾಸನೆ ಇನ್ನೂ ಇತ್ತು, ದೀಪಾವಳಿ ಮಾರನೇ ದಿನ ಅಂಗಳದಲ್ಲಿ ಬರುತ್ತಲ್ಲ, ಆ ಥರ.

ಅಂದ್ರೆ ಅದು ಒಂದು ಸಲ ಸಿಡಿದಿರೋ ಬ್ಯಾಗು. ಯಾವುದೋ ಆಕ್ಸಿಡೆಂಟ್ ಆದ ಗಾಡೀದು. ಮಡಚಿ ವಾಪಸ್ ತುಂಬಿದ್ದಾರೆ.

ಹಳದಿ ಪ್ಲಗ್ ಸುತ್ತ ಟೇಪ್. ಬಿಚ್ಚಿದ್ರೆ, ನೀವು ಹೇಳಿದ್ದೇ, ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಮೈಮೇಲೆ ಬಣ್ಣದ ಪಟ್ಟೆ ಇರೋ ರೆಸಿಸ್ಟರ್. ಎರಡು ಕಾಲು ಮಡಚಿ ಪ್ಲಗ್ ಒಳಗೆ ತುರುಕಿದ್ರು. ಪ್ಲಗ್ ಬ್ಯಾಗಿಗೆ ಸೇರೇ ಇರಲಿಲ್ಲ.

ಅಂಗಡಿಗೆ ಹೋದೆ. ಕೂಗಾಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಹೋಗಿದ್ದೆ. ಅವನು "ಸಾರ್, ನೀವು ಕೇಳಿದ್ದು ಸ್ಟೀರಿಂಗ್ ಚೆನ್ನಾಗಿ ಕಾಣಬೇಕು, ದೀಪ ಹತ್ತಬಾರದು ಅಂತ. ಎರಡೂ ಮಾಡಿಕೊಟ್ಟೆ" ಅಂದ. ಕೋಪ ಬಂತು. ಆದ್ರೆ ಯೋಚನೆ ಮಾಡಿದ್ರೆ ನಾನು ಕೇಳಿದ್ದೂ ಅಷ್ಟೇ ಇತ್ತು. ವಾದ ಮಾಡಿ ಮಾಡಿ 9,000 ವಾಪಸ್ ಕೊಟ್ಟ.

ಈಗ ಹಳೇ ಸ್ಟೀರಿಂಗ್, ಹಳೇ ಏರ್‌ಬ್ಯಾಗೇ ವಾಪಸ್ ಹಾಕಿಸೋದು ಅಂತ ತೀರ್ಮಾನ. ಏನೇನು ನೋಡ್ಕೋಬೇಕು ಹೇಳಿ.

ಹುಬ್ಬಳ್ಳಿ_ವೈರಿಂಗ್:

ತೂಕದ ಮಾತು ನಾ ಹೇಳಿದ್ದು ಪೂರಾ ಸಾಲಲಿಲ್ಲ. ಇನ್ನ ಮ್ಯಾಲೆ ಕೇಳಿದವರಿಗೆಲ್ಲಾ ಹೆಬ್ಬಟ್ಟಿನ ಮಾತೂ ಹೇಳ್ತೀನಿ. ಆ ಹಿರ್ಯಾರಿಗೆ ನನ್ನ ನಮಸ್ಕಾರ ಮುಟ್ಟಸ್ರಿ.

ನೋಡ್ರಿ, ಸಿಡಿದ ಬ್ಯಾಗಿನ ಸ್ಕ್ವಿಬ್ ಸುಟ್ಟು ತಂತಿ ಕಡದಿರ್ತೈತಿ, ಪ್ಲಗ್ ಹಾಕಿದ್ರ ದೀಪ ಹತ್ತೇ ಹತ್ತತೈತಿ. ಅದಕ್ಕ ರೆಸಿಸ್ಟರ್. ಛಲೋ ಬ್ಯಾಗಿಗೆ ಯಾರೂ ರೆಸಿಸ್ಟರ್ ಹಾಕೂದಿಲ್ಲ.

ಹಳೇದು ಹಾಕೂದು ಶಾಣ್ಯಾ ಕೆಲಸ. ಕ್ಲಾಕ್ ಸ್ಪ್ರಿಂಗ್ ಮಾತ್ರ ಹೊಸಾದ ತಗೋರಿ, ನಿಮ್ಮ ಚಾಸಿ ನಂಬರ್ ಕೊಟ್ಟು ತರಸ್ರಿ, ಅದರಾಗ ಗುಜರಿ ಬ್ಯಾಡ. ಹೊಸಾದು ನಡುವ ಲಾಕ್ ಆಗಿ ಬರ್ತೈತಿ. ಗಾಲಿ ನೆಟ್ಟಗ ಮಾಡಿದ ಮ್ಯಾಲನ ಆ ಲಾಕ್ ತಗೀಬೇಕು, ಮೊದಲ ತಗದು ಆಟ ಆಡಬಾರದು. ಚಕ್ರ ಹಿಡಿಯೂ ನಡುವಿನ ಬೋಲ್ಟ್ ಟಾರ್ಕ್ ರೆಂಚಿಲೆ ಬಿಗೀಬೇಕು, ಮ್ಯಾನ್ಯುವಲ್‌ನಾಗ ಬರದಷ್ಟು. ಉದ್ದನ ಪೈಪ್ ಹಾಕಿ ಮೈ ಭಾರ ಬಿಟ್ಟು ಬಿಗಿಯವರು ಇದ್ದಾರ, ಅವರಿಂದ ದೂರ ಇರ್ರಿ. ಹಳದಿ ಪ್ಲಗ್ಗಿಗೆ ರೆಸಿಸ್ಟರಿನ ಕಾಲು ತುರಕಿದ್ರಲ್ಲ, ಒಳಗಿನ ಪಿನ್ ಸಡಲ ಆಗಿರಬಹುದು. ಕ್ಲಾಕ್ ಸ್ಪ್ರಿಂಗ್ ಹೊಸಾದು ಹಾಕಿದ್ರ ಆ ಪ್ಲಗ್ಗೂ ಅದರ ಜೋಡಿ ಹೊಸಾದ ಬರ್ತೈತಿ, ಒಂದು ಚಿಂತಿ ಕಡಿಮಿ. ಬ್ಯಾಟರಿ ತಿರುಗಿ ಹಚ್ಚುವಾಗ ಗಾಡಿ ಒಳಗ ಯಾರೂ ಕುಂದ್ರಬಾರದು.

ಚರ್ಮದ್ದು ನಿಮಗ ಸುರುವಿಗೆ ಯಾರೂ ಹೇಳಲಿಲ್ಲೇನು? ಏರ್‌ಬ್ಯಾಗ್ ತಗದು, ಬರೇ ಚಕ್ರ ಸೀಟ್ ಕವರ್ ಹೊಲಿಯವರ ಕಡೆ ಕೊಟ್ರ ಹಳೇ ಚರ್ಮ ಸುಲದು ಹೊಸಾದು ಕೈಲೆ ಹೊಲದು ಕೊಡ್ತಾರ. ನಡುವಿನ ಕವರಿಗೆ ಮಾತ್ರ ಚರ್ಮ, ಬಣ್ಣ, ಸ್ಟಿಕ್ಕರ್ ಏನೂ ಹಚ್ಚಾಕ ಬಿಡಬ್ಯಾಡ್ರಿ. ಅದು ಹರೀಬೇಕಾದಾಗ ಹರೀಬೇಕು.

ರೇಸರ್_ರಾಜಾಜಿನಗರ:

ಅಣ್ಣಾ ಒಂದು ಡೌಟು. ಕವರ್ ಮೇಲೆ ಹೆಬ್ಬೆರಳು ಎಳೆದೆ. ನನ್ನದರಲ್ಲಿ ಗೆರೆ ಸಿಗ್ತಿಲ್ಲ, ಆದ್ರೆ ಒತ್ತಿದ್ರೆ ಸ್ವಲ್ಪ ಮೆತ್ತಗೆ ಒಳಗೆ ಹೋಗುತ್ತೆ. ಹುಬ್ಬಳ್ಳಿಗೆ ಬಂದ್ರೆ ನೋಡ್ತೀರಾ?

ಹುಬ್ಬಳ್ಳಿ_ವೈರಿಂಗ್:

ಹುಬ್ಬಳ್ಳೀತನಕ ಆ ಗಾಡ್ಯಾಗ ಬರಬ್ಯಾಡ್ರಿ. ವಿಜಯನಗರದವರ ಹಿರ್ಯಾರು ಹತ್ರ ಅದಾರಲ್ಲ, ಅಲ್ಲಿ ಹೋಗ್ರಿ. ನಿಧಾನ ಓಡಸ್ಕೋತ.

ವಿಜಯನಗರ_ಪೋಲೋ:

ಹತ್ತು ದಿನ ಆಯ್ತು, ಕೆಲಸ ಮುಗೀತು ಅಂತ ತಿಳಿಸೋಕೆ ಬಂದೆ.

ಚಕ್ರಕ್ಕೆ ಹೊಸ ಚರ್ಮ, 2,800 ರೂಪಾಯಿ. ಹೊಲಿದವರು ಒಂದು ಮೂರು ಗಂಟೆ ಕೂತ್ಕೊಂಡು ಹಲ್ಲಲ್ಲಿ ದಾರ ಕಚ್ಚಿ ಕಚ್ಚಿ ಹೊಲಿದ್ರು, ಹೊಲಿಗೆ ಕೈಗೆ ಚೂರೂ ತಾಗಲ್ಲ. ಕ್ಲಾಕ್ ಸ್ಪ್ರಿಂಗ್ ಹೊಸದು. ಹಾರ್ನ್ ಎಡ, ಬಲ, ನೆಟ್ಟಗೆ ಎಲ್ಲಾ ಕಡೆ ಬರ್ತಿದೆ; ಬೇಸ್‌ಮೆಂಟ್ ತಿರುವಲ್ಲಿ ಬೇಕು ಅಂತಲೇ ಎರಡು ಸಲ ಹೊಡೆದೆ, ಸೆಕ್ಯೂರಿಟಿ ಬೈದ. ಸ್ಕ್ಯಾನ್ ಮಾಡಿಸಿದೆ, ಫಾಲ್ಟ್ ಇಲ್ಲ. ಈ ಸಲ ಪ್ಲಗ್ ಬ್ಯಾಗಿಗೆ ಕೂರೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ, ವಿಡಿಯೋ ಮಾಡಿ ಹೆಂಡತಿಗೂ ತೋರಿಸಿದೆ. ಬಟನ್ ಆಸೆ ಬಿಟ್ಟೆ. ವಾಲ್ಯೂಮ್ ಕೈ ಚಾಚಿ ತಿರುಗಿಸ್ತೀನಿ, ಹನ್ನೆರಡು ವರ್ಷ ಮಾಡಿದ್ದೇ ತಾನೇ.

ರೇಸರ್ ಅವರು ಕೇಳಿದ್ರು ಅಂತ ಫೋಟೋ ಹಾಕಿದ್ದೀನಿ.

ಹುಬ್ಬಳ್ಳಿ_ವೈರಿಂಗ್:

ಹೊಲಿಗಿ ಭಾಳ ಚಂದ ಬಂದೈತಿ. ಒಂದ ಮಾತು, ಸಿಟ್ಟಾಗಬ್ಯಾಡ್ರಿ. ಫೋಟೋದಾಗ ಎಡಗಡೆ ಡ್ಯಾಶ್ ಮ್ಯಾಲೆ ಗಣಪ್ಪ ಕುಂತಾನಲ್ಲ, ಕೆಳಗ ಏರ್‌ಬ್ಯಾಗ್ ಅಂತ ಬರದದ್ದು ಅರ್ಧಾ ಮುಚ್ಚೇತಿ. ಬ್ಯಾಗ್ ಉಬ್ಬಿದ್ರ ಗಣಪ್ಪ ಮೊದಲ ಮನಿಯವರ ಮುಖಕ್ಕ ಬರ್ತಾನ. ಕಲ್ಲಿಂದೋ ಹಿತ್ತಾಳಿದೋ?

ವಿಜಯನಗರ_ಪೋಲೋ:

ಹಿತ್ತಾಳೆ. ಮಧ್ಯಕ್ಕೆ, ಗಡಿಯಾರದ ಪಕ್ಕಕ್ಕೆ ಸರಿಸಿದೆ. ಡಬಲ್ ಟೇಪ್ ಬಿಡಲೇ ಇಲ್ಲ, ಮನೆಯಿಂದ ಹೇರ್ ಡ್ರೈಯರ್ ತಂದು ಕಾಯಿಸಿ ಕೀಳಬೇಕಾಯ್ತು.